ನೀಲುವಿನ ಬಾಟಲಿಗೆ ಯಾವ ನಂಬರು?

ನಾನು ದಿನಚರಿ ಬರೆಯುವ ಮನುಷ್ಯ. ಬರೆಯುವ ಹುಮ್ಮಸ್ಸಿಗಿಂತ ನನ್ನ ನೆನಪಿನ ಮೇಲಿನ ಅಪನಂಬಿಕೆಯೇ ಅದಕ್ಕೆ ಕಾರಣ. ನನ್ನ ನೆನಪಿಗೊಂದು ಕೆಟ್ಟ ಗುಣವಿದೆ. ನಡೆದದ್ದನ್ನೆಲ್ಲ ಅದು ಜೋಪಾನವಾಗಿಯೇ ಇಟ್ಟುಕೊಳ್ಳುತ್ತದೆ, ಆದರೆ ಇಟ್ಟುಕೊಳ್ಳುವಾಗ ನನ್ನನ್ನು ಒಂದಿಷ್ಟು ಎತ್ತರ ಮಾಡಿ, ಒಂದಿಷ್ಟು ಜಾಣನನ್ನಾಗಿ ಮಾಡಿ, ತಲೆಯ ಮೇಲೆ ನಾಲ್ಕು ಕೂದಲನ್ನೂ ಹೆಚ್ಚು ಕೊಟ್ಟು ಇಟ್ಟುಕೊಳ್ಳುತ್ತದೆ. ಅದಕ್ಕೇ ಈ ದಿನಚರಿ. ದುರದೃಷ್ಟಕ್ಕೆ, ಮಗಳಿಗೆ ಬಾಟಲಿ ಹಾಲು ರೂಢಿ ಮಾಡಿಸಿದ ದಿನಗಳಲ್ಲಿ ಬರೆಯಲು ನನಗೆ ಕೈ ಬಿಡುವಿರಲಿಲ್ಲ. ಬಿಡುವಾದಾಗ ಅದು ಹಾಲಿನಿಂದ ಅಂಟಂಟಾಗಿರುತ್ತಿತ್ತು. ಹೀಗಾಗಿ ಇಲ್ಲಿ ಹೇಳುವುದೆಲ್ಲ ಬರೀ ನೆನಪು. ಎಲ್ಲಾದರೂ ನಾನು ಜಾಣನಂತೆ ಕಂಡರೆ ಆ ಸಾಲನ್ನು ದಯವಿಟ್ಟು ಅನುಮಾನದಿಂದ ಓದಿ. ನನ್ನ ಹೆಂಡತಿ ಶೈಲಾ ಹಾಗೇ ಓದುತ್ತಾಳೆ.

ನನ್ನ ಉದ್ಯೋಗವನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಬೆಂಕಿ ಹತ್ತಿದ್ದೇ ಅಲ್ಲಿಂದ. ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ತಯಾರಿಸುವ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನಾನಿದ್ದೇನೆ. ತಯಾರಾಗಿ ಬಂದ ಸಿಲಿಂಡರಿಗೆ ಎಣ್ಣೆ ತುಂಬಿ, ಒತ್ತಡ ಕೊಟ್ಟು, ಟಾರ್ಚು ಹಿಡಿದು ಅದರ ಸುತ್ತ ಪ್ರದಕ್ಷಿಣೆ ಹಾಕುವುದು ನನ್ನ ಕೆಲಸ. ಎಲ್ಲಿಯೂ ಒಂದು ಹನಿ ಕಾಣಬಾರದು. ಕಂಡರೆ ಕೆಂಪು ಚೀಟಿ ಕಟ್ಟಿ, ಸಹಿ ಹಾಕಿ, ಬಂದ ದಾರಿಗೆ ವಾಪಸು ಕಳಿಸುವುದು. ವರ್ಷಗಟ್ಟಲೆ ಹನಿಗಳ ವೈರಿಯಾಗಿ ದುಡಿದವನು ಆ ವೈರವನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟುಬರಲಾದೀತೆ? ಮಹಾಂತೇಶ ನಗರದ ನಮ್ಮ ಮನೆಯಲ್ಲಿ ನಾನು ನಿಲ್ಲಿಸಿದ ನಳವನ್ನು ಬೇರೆಯವರು ತಿರುಗಿಸಲಾರರು. ನಾನು ಮುಚ್ಚಿದ ಉಪ್ಪಿನಕಾಯಿ ಡಬ್ಬಿ ನಾನು ಮನೆಯಲ್ಲಿದ್ದಾಗ ಮಾತ್ರ ಉಪಯೋಗಕ್ಕೆ ಬರುವಂಥದು. "ನೀವು ಊರಿಗೆ ಹೋದ್ರ ನಮಗ ಮನ್ಯಾಗ ಸಕ್ರಿನೂ ಸಿಗಂಗಿಲ್ರಿ" ಎಂದು ಶೈಲಾ ಒಮ್ಮೆ ಹೇಳಿದ್ದಳು. ನಾನದನ್ನು ಹೊಗಳಿಕೆ ಎಂದುಕೊಂಡೆ. ಈಗಲೂ ಪೂರ್ತಿ ಬಿಟ್ಟುಕೊಟ್ಟಿಲ್ಲ.

ಇಂಥ ಮನೆಗೆ ನೀಲಾಂಬಿಕಾ ಬಂದಳು. ಕರೆಯುವುದು ನೀಲು ಎಂದು. ಬಾಣಂತನ ಖಾನಾಪುರದಲ್ಲಿ, ಶೈಲಾಳ ತವರಿನಲ್ಲಿ. ಐದನೇ ತಿಂಗಳಿಗೆ ತಾಯಿ ಮಗಳು ಬೆಳಗಾವಿಗೆ ಬಂದ ದಿನ ನನ್ನ ಸಂಭ್ರಮ ಕೇಳಬೇಡಿ. ಆರತಿ ಎತ್ತಲು ಬಾಗಿಲಿಗೆ ಬಂದ ನಮ್ಮವ್ವನನ್ನೇ ಸರಿಸಿ ಕೂಸನ್ನು ಎತ್ತಿಕೊಂಡೆನಂತೆ. ನನಗೆ ಹಾಗೆ ನೆನಪಿಲ್ಲ. ನೆನಪಿನಲ್ಲಿ ನಾನು ಗಂಭೀರವಾಗಿ ಪಕ್ಕದಲ್ಲಿ ನಿಂತಿದ್ದೇನೆ.

ಶೈಲಾ ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿ. ಅವಳ ರಜೆ ಮುಗಿಯಲು ಎರಡೇ ವಾರವಿತ್ತು. ಅವಳು ಶಾಲೆಗೆ ಹೋದ ಮೇಲೆ, ಹಿಂಡಿಟ್ಟ ಎದೆಹಾಲನ್ನು ನಮ್ಮವ್ವ ಬಾಟಲಿಯಲ್ಲಿ ಕುಡಿಸುವುದೆಂದು ನಿರ್ಧಾರವಾಗಿತ್ತು. ಖಾನಾಪುರದಲ್ಲಿದ್ದಾಗಲೇ ನಮ್ಮ ಅತ್ತೆ ಅದನ್ನು ರೂಢಿ ಮಾಡಿಸಿದ್ದರು. ಒಂದನೇ ನಂಬರಿನ, ಅಂದರೆ ಸಣ್ಣ ತೂತಿನ, ನಿಪ್ಪಲ್ಲು. ನೀಲು ಅಲ್ಲಿ ಗಟಗಟ ಕುಡಿದು, ಬಾಟಲಿಯನ್ನು ಪುಟ್ಟ ಕಾಲಿನಿಂದ ಒದ್ದು ನಗುತ್ತಿದ್ದಳಂತೆ. ಆದರೆ ಅತ್ತೆ ಕಳಿಸಿಕೊಡುವಾಗ ಒಂದು ಮಾತು ಹೇಳಿದ್ದರು: "ಅಳಿಯಾರ, ಅಲ್ಲಿ ಕೂಸು ಕುಡೀದಿದ್ರ ಹಟಾ ಹಿಡೀಬ್ಯಾಡ್ರಿ. ಸೋಮವಾರದಿಂದ ಶುಕ್ರವಾರ ಇಲ್ಲೇ ನನ್ನ ಬಾಜು ಇರ್ಲಿ. ಸಾಲಿ ಸೂಟಿ ಇದ್ದಾಗ ಒಯ್ಯೀರಂತ." ಶೈಲಾ ಹೂಂ ಅಂದಿದ್ದಳು. ನಾನೂ ಹೂಂ ಅಂದಿದ್ದೆ. ಆದರೆ ನಾಲ್ಕು ತಿಂಗಳು ರವಿವಾರದ ಅಪ್ಪನಾಗಿದ್ದು ಸಾಕಾಗಿತ್ತು ನನಗೆ.

ಹಾಗಾಗಿ ಬಾಟಲಿಯ ಖಾತೆಯನ್ನು ನಾನೇ ವಹಿಸಿಕೊಂಡೆ. ಕುದಿಸುವುದು, ಒರೆಸುವುದು, ಜೋಡಿಸುವುದು ಎಲ್ಲ ನನ್ನದು. "ಬ್ಯಾರೆ ಯಾರೂ ಕೈ ಹಚ್ಚಬಾರ್ದು" ಎಂದು ಘೋಷಿಸಿದೆ. ಮೊದಲ ಬಾಟಲಿ ತಯಾರಿಸಿ, ನಿಪ್ಪಲ್ಲಿನ ಬುಡದಲ್ಲಿದ್ದ ಸೂಜಿಮೊನೆಯಷ್ಟು ತೂತನ್ನು ಅವ್ವನಿಗೆ ತೋರಿಸಿ, "ನೋಡವ್ವಾ, ಹಾಲು ಹೊರಗ ಬರ್ಬೇಕಾದ್ರ ಇಲ್ಲಿಂದ ಗಾಳಿ ಒಳಗ ಹೋಗ್ಬೇಕು. ಎಂಥಾ ತಲಿ ಓಡಿಸ್ಯಾರ ನೋಡು!" ಎಂದು ಪಾಠವನ್ನೂ ಹೇಳಿದೆ. ಅವ್ವ ನನ್ನ ಉತ್ಸಾಹಕ್ಕೆ ಮರ್ಯಾದೆ ಕೊಟ್ಟು, "ಹೌದಪಾ, ಭಾಳ ಶ್ಯಾಣೇರದಾರ" ಎಂದಳು. ಈ ಪಾಠವನ್ನು ಓದುಗರು ನೆನಪಿಟ್ಟುಕೊಳ್ಳಬೇಕಾಗಿ ವಿನಂತಿ. ನಾನು ಇಟ್ಟುಕೊಳ್ಳಲಿಲ್ಲ.

ನೀಲು ಬಾಟಲಿಗೆ ಬಾಯಿ ಹಚ್ಚಿದಳು. ನಾಲ್ಕು ಸಲ ಚೀಪಿದಳು. ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಚೀಪಿದಳು, ಮುಖ ಟೊಮೆಟೊ ಹಣ್ಣಾಯಿತು, ನಿಪ್ಪಲ್ಲು ಒಳಗೆ ಎಳೆದುಕೊಂಡು ಚಪ್ಪಟೆಯಾಯಿತು, ಹಾಲು ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಅವಳು ಬಾಟಲಿಯನ್ನು ತಳ್ಳಿ ಅತ್ತ ರೀತಿಗೆ ಎದುರುಮನೆಯವರು ಟಿವಿಯ ಧ್ವನಿ ಕಡಿಮೆ ಮಾಡಿದರು. ನನಗೆ ಮಾತ್ರ ಒಳಗೊಳಗೇ ಹುರುಪು! ಇದು ನನ್ನದೇ ವಿಷಯವಲ್ಲವೆ? ಹರಿವು ಸಾಲುತ್ತಿಲ್ಲ. ಕೂಸು ಬೆಳೆದಿದೆ, ನಿಪ್ಪಲ್ಲು ಬೆಳೆದಿಲ್ಲ. ಅಂಗಿ ಬದಲಿಸಿಕೊಂಡು ಪೇಟೆಗೆ ಓಡಿದೆ.

ಮಕ್ಕಳ ಸಾಮಾನಿನ ಅಂಗಡಿಗೆ ಹೋಗಿ "ನಿಪ್ಪಲ್ಲು ಬೇಕಿತ್ರಿ" ಅಂದರೆ ಕೆಲಸವಾಗುತ್ತದೆ ಎಂದುಕೊಂಡಿದ್ದೆ. ಅಂಗಡಿಯವರು ಮೇಜಿನ ಮೇಲೆ ಒಂದು ಅರಮನೆಯನ್ನೇ ಕಟ್ಟಿದರು. ಸೊನ್ನೆ ನಂಬರು, ಒಂದು, ಎರಡು, ಮೂರು. ನಿಧಾನ, ಮಧ್ಯಮ, ಜೋರು. ದುಂಡು ತೂತು, ಅಡ್ಡ ಸೀಳು. ಅಗಲ ಬಾಯಿ, ಸಣ್ಣ ಬಾಯಿ. ಒಂದು ಡಬ್ಬಿಯ ಮೇಲೆ ಮೂರು ತಿಂಗಳ ಮೇಲ್ಪಟ್ಟು ಎಂದಿದ್ದರೆ, ಅದೇ ನಂಬರಿನ ಇನ್ನೊಂದರ ಮೇಲೆ ಆರರ ಮೇಲ್ಪಟ್ಟು. "ಇವೆರಡೂ ಎರಡನೇ ನಂಬರು, ಮತ್ತ ಹಿಂಗ್ಯಾಕ್ರಿ?" ಎಂದೆ. ಅವರು ಪಕ್ಕದ ಗಿರಾಕಿಯ ಜೊತೆಗಿನ ಮರಾಠಿ ಮಾತು ಮುಗಿಸಿ ನನ್ನ ಕಡೆ ತಿರುಗಿ, "ಸರ್, ಕೂಸಿಗೆ ಓದಾಕ ಬರಂಗಿಲ್ಲಲ್ರಿ. ಅದು ಕುಡಿದದ್ದ ಖರೇ ನಂಬರ್" ಅಂದರು. ಇದು ನನಗೆ ಬಹಳ ಅವೈಜ್ಞಾನಿಕವಾಗಿ ಕೇಳಿಸಿತು. ಎಲ್ಲದರಲ್ಲೂ ಒಂದೊಂದು ತೆಗೆದುಕೊಂಡೆ.

ಆ ಸಂಜೆ ನಮ್ಮ ಹಿತ್ತಲಲ್ಲಿ ತಪಾಸಣೆ ವಿಭಾಗದ ಶಾಖೆ ತೆರೆಯಿತು. ಬಟ್ಟೆ ಒಣಗಿಸುವ ತಂತಿಗೆ ಬಾಟಲಿಯನ್ನು ತಲೆಕೆಳಗಾಗಿ ಕಟ್ಟಿ, ಕೆಳಗೆ ಸ್ಟೀಲಿನ ಲೋಟವಿಟ್ಟು, ಹನಿ ಬೀಳುವುದನ್ನು ಗಮನಿಸತೊಡಗಿದೆ. ಒಂದನೇ ನಂಬರು ತೊಟ್ಟಿಕ್ಕಲು ಶುರುವಾಗಿ ನಿಂತೇಹೋಯಿತು. ಕಳಪೆ. ಎರಡನೆಯದು ಸ್ವಲ್ಪ ಹೊತ್ತು ಉಳಿದು ಕೈಕೊಟ್ಟಿತು. ಅದೂ ಕಳಪೆ. ಮೂರನೆಯದು ಮಾತ್ರ ತಡೆತಡೆದು, ಆದರೂ ಬಿಡದೆ, ಸೋರಿತು. ಜೀವಮಾನದಲ್ಲಿ ಮೊದಲ ಸಲ ಸೋರಿಕೆಯನ್ನು ಕಂಡು ಚಪ್ಪಾಳೆ ತಟ್ಟಿದೆ. ಅವ್ವ ಬಾಗಿಲಲ್ಲಿ ನಿಂತು, "ಬಸೂ, ನಿನಗ ನಾ ಬೆಳ್ಳಿ ಒಳಲ್ಯಾಗ ಹಾಲು ಕುಡಿಸಿ ಬೆಳಿಸೇನಪಾ. ಅದಕ್ಕ ಒಂದ ಮೂತಿ, ಒಂದ ನಂಬರ" ಎಂದಳು. ಅವ್ವನ ನೆನಪಿನಲ್ಲಿ ನಾನು ಒಂದು ದಿನವೂ ಅತ್ತವನಲ್ಲ. ನೆನಪಿನ ಈ ರೋಗ ನಮ್ಮ ವಂಶದ್ದೇ ಇರಬೇಕು.

ಮೂರನೇ ನಂಬರಿನಲ್ಲಿ ನೀಲು ಕುಡಿದಳು! ಗಟಗಟ ಅಲ್ಲ, ಗುದ್ದಾಡಿಕೊಂಡು, ನಡುವೆ ಎರಡು ಸಲ ದಣಿದು ಕಣ್ಣುಮುಚ್ಚಿ, ಆದರೆ ಕುಡಿದಳು. ನಾನು ಕುಣಿದೆ. ಸುಳ್ಳಲ್ಲ, ಶೈಲಾಳ ಫೋನಿನಲ್ಲಿ ವಿಡಿಯೋ ಇದೆ. ಸಮಸ್ಯೆ ಬಗೆಹರಿಯಿತು, ರವಿವಾರ ಖಾನಾಪುರಕ್ಕೆ ಹೋಗಿ ಅತ್ತೆಗೆ ತೋರಿಸಿಯೇ ಬರೋಣ ಎಂದು ಹೊರಟೇಬಿಟ್ಟೆವು.

ಖಾನಾಪುರದಲ್ಲಿ ಅಳಿಯನಿಗಿರುವ ಸ್ಥಾನಮಾನವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಆ ಮನೆಯಲ್ಲಿ ನಾನು ಕುರ್ಚಿಯ ಮೇಲಿನ ದೇವರು. ನೀರು ಕೈಗೆ ಬರುತ್ತದೆ, ತಟ್ಟೆ ಮುಂದೆ ಬರುತ್ತದೆ, ಬೇಡವೆಂದಷ್ಟೂ ಹೋಳಿಗೆ ಬರುತ್ತದೆ. ನಾನೇ ಲೋಟ ತೊಳೆಯಹೋದರೆ ಮನೆತನದ ಮರ್ಯಾದೆಗೇ ಪೆಟ್ಟು. ಅತ್ತೆಗೆ ಒಮ್ಮೆ ಚಿಕುನ್‌ಗುನ್ಯಾ ಬಂದುಹೋದ ಮೇಲೆ ಮಣಿಕಟ್ಟು ಹಿಡಿದುಕೊಂಡು, ರೊಟ್ಟಿ ಬಡಿಯುವುದನ್ನೇ ಬಿಟ್ಟಿದ್ದಾರೆ. ಆದರೂ ನಾನು ಎದ್ದು ಅಡುಗೆಮನೆಯ ಕಡೆ ಹೊರಳಿದರೆ ಸಾಕು, "ಕುಂದರ್ರಿ ಅಳಿಯಾರ, ನಿಮಗ್ಯಾಕ ಆ ಉಸಾಬರಿ?" ಎಂದು ಅಡ್ಡ ನಿಲ್ಲುತ್ತಾರೆ. ಆ ದಿನವೂ ಬಾಟಲಿಯನ್ನು ಅವರೇ ತೊಳೆದು, ಹಾಲು ತುಂಬಿ, ನನ್ನ ಹೆಮ್ಮೆಯ ಮೂರನೇ ನಂಬರನ್ನು ಹಾಕಿ ತಂದರು. ನಾನು ಎದೆಯುಬ್ಬಿಸಿ, "ಈಗ ನೋಡ್ರಿ" ಎಂದೆ.

ನೋಡಿದೆವು. ಹಾಲು ಹೊಳೆ ಬಂದ ಹಾಗೆ ಬಂತು. ನೀಲು ಒಂದು ಗುಟುಕು ನುಂಗಿದಳು, ಎರಡನೆಯದಕ್ಕೆ ಕೆಮ್ಮಿದಳು, ಮೂರನೆಯದು ಮೂಗಿನಿಂದ ಬಂತು. ಅತ್ತೆ ಕೂಸನ್ನು ಕಸಿದುಕೊಂಡು ಹೆಗಲಿಗೆ ಹಾಕಿ ಬೆನ್ನು ಸವರಿದರು. ಕೆಮ್ಮು ನಿಂತು ಅಳು ಶುರುವಾದಾಗ, ಆ ಅಳುವಿನಷ್ಟು ಇಂಪಾದ ಸದ್ದನ್ನು ನಾನು ಕೇಳಿರಲಿಲ್ಲ. ಯಾರೂ ನನ್ನನ್ನು ಬಯ್ಯಲಿಲ್ಲ; ಅಳಿಯನನ್ನು ಬಯ್ಯುವ ಪದ್ಧತಿಯಿಲ್ಲ. ಅತ್ತೆ ಹಳೆಯ ಒಂದನೇ ನಂಬರಿನ ನಿಪ್ಪಲ್ಲು ಹಾಕಿ ಮತ್ತೆ ಕುಡಿಸಿದರು. ನೀಲು ಗಟಗಟ ಕುಡಿದು ಬಾಟಲಿಯನ್ನು ಒದ್ದು ನಕ್ಕಳು. "ಇಲ್ಲೇ ಇರ್ಲಿ ಬಿಡ್ರಿ" ಎಂದರು ಅತ್ತೆ, ಬಹಳ ಮೆಲ್ಲಗೆ.

ಅದೇ ಬಾಟಲಿ, ಅದೇ ನಿಪ್ಪಲ್ಲನ್ನು ಬೆಳಗಾವಿಗೆ ತಂದೆವು. ಚೆನ್ನಾಗಿ ತೊಳೆದು, ನನ್ನ ಕೈಯಾರೆ ಬಿಗಿದು ಕೊಟ್ಟೆ. ನೀಲು ಕುಡಿಯಲಿಲ್ಲ. ಖಾನಾಪುರದಲ್ಲಿ ಕುಡಿಯುವ ಒಂದನೇ ನಂಬರು ಬೆಳಗಾವಿಯಲ್ಲಿ ಯಾಕಿಲ್ಲ? ಆ ವಾರ ನಮ್ಮ ಮನೆಯಲ್ಲಿ ಸಿದ್ಧಾಂತಗಳ ಸುಗ್ಗಿ. ಅವ್ವನ ಪ್ರಕಾರ ದೃಷ್ಟಿ. ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಮನೆಯವರೆಲ್ಲ ಕೆಮ್ಮಿದೆವು. ಶೈಲಾಳ ಪ್ರಕಾರ ನನ್ನ ಮೀಸೆ. ಅದನ್ನು ತೆಗೆದೆ, ನೀಲು ಇನ್ನೂ ಹೆಚ್ಚು ಅತ್ತಳು. ನನ್ನದು ಮಾತ್ರ ವೈಜ್ಞಾನಿಕ. ಖಾನಾಪುರ ಘಟ್ಟದ ಸೆರಗಿನಲ್ಲಿದೆ. ಅಲ್ಲಿಯ ಗಾಳಿಯ ತೇವ ಬೇರೆ, ಒತ್ತಡ ಬೇರೆ, ಆದ್ದರಿಂದ ಹಾಲಿನ ಹರಿವೂ ಬೇರೆ! ಎರಡೂ ಊರುಗಳ ಎತ್ತರ ಹುಡುಕಿ, ಹಾಳೆಯ ಮೇಲೆ ಲೆಕ್ಕ ಹಾಕಿ ಶೈಲಾಳಿಗೆ ತೋರಿಸಿದೆ. ಅವಳು ಗಣಿತದ ಶಿಕ್ಷಕಿಯ ಕಣ್ಣಿನಿಂದ ಹಾಳೆಯನ್ನು ನೋಡಿ, "ಲೆಕ್ಕ ಬರೋಬ್ಬರಿ ಐತ್ರಿ. ತಲಿ ಅಷ್ಟ ತಪ್ಪೈತಿ" ಎಂದಳು.

ಆದರೆ ಶುಕ್ರವಾರದ ಹೊತ್ತಿಗೆ ನಗು ನಿಂತಿತ್ತು. ಶೈಲಾ ನೀಲುವಿನ ಕುಂಚಿಗೆ, ದುಪಟಿಗಳನ್ನು ಮಡಿಸಿ ಚೀಲಕ್ಕೆ ತುಂಬತೊಡಗಿದ್ದಳು. ಸೋಮವಾರ ಶಾಲೆ. ರವಿವಾರ ಕೂಸನ್ನು ಖಾನಾಪುರದಲ್ಲಿ ಬಿಟ್ಟುಬರುವುದೆಂದಾಯಿತು. ನಾನು ಒಂದು ಗಿಲಕಿಯನ್ನು ಮಾತ್ರ, ಇಲ್ಲಿಯೂ ಒಂದಿರಲಿ ಎಂದು, ಚೀಲದಿಂದ ಹೊರಗೆ ತೆಗೆದಿಟ್ಟೆ.

ರವಿವಾರ ಮಧ್ಯಾಹ್ನ ಖಾನಾಪುರದಲ್ಲಿ ಊಟವಾಯಿತು. ಹೊರಡುವ ಮೊದಲು ಒಂದು ಬಾಟಲಿ ನಾನೇ ತಯಾರಿಸಿ, ನಾನೇ ಕುಡಿಸಿ ಹೋಗಬೇಕೆಂದು ಹಟ ಬಂತು. ಎದ್ದು ಸೀದಾ ಅಡುಗೆಮನೆಗೆ ನಡೆದೆ.

"ಅಯ್ಯ ನನ್ನ ಶಿವನ! ಅಳಿಯಾರು ಅಡಗಿ ಮನ್ಯಾಗ! ಬಾಜು ಮನಿ ಕಾಕು ನೋಡಿದ್ರ ಊರೆಲ್ಲಾ ಹೇಳ್ತಾಳ!" ಎಂದರು ಅತ್ತೆ.

"ಇವತ್ತೊಂದ ದಿನ ಬಿಡ್ರಿ ಅತ್ತಿ. ನಾ ಕುಡಿಸಿ ಹೋಗ್ತೇನಿ" ಎಂದೆ. ನನ್ನ ಧ್ವನಿ ಹೇಗಿತ್ತೋ, ಅವರು ದಾರಿ ಬಿಟ್ಟರು.

ಖಾನಾಪುರದ ಮನೆ, ಖಾನಾಪುರದ ಗಾಳಿ, ಅದೇ ಬಾಟಲಿ, ಅದೇ ಒಂದನೇ ನಂಬರು. ಹಾಲು ತುಂಬಿ, ಬಿಗಿದು, ನೀಲುವನ್ನು ತೊಡೆಯ ಮೇಲೆ ಹಾಕಿಕೊಂಡೆ. ಅವಳು ನಾಲ್ಕು ಸಲ ಚೀಪಿದಳು. ನಿಲ್ಲಿಸಿ ನನ್ನ ಮುಖ ನೋಡಿದಳು. ಮುಖ ಟೊಮೆಟೊ. ನಿಪ್ಪಲ್ಲು ಚಪ್ಪಟೆ. ಅಳು.

ಘಟ್ಟದ ಗಾಳಿಯ ಸಿದ್ಧಾಂತ ಅಲ್ಲಿಯೇ ಪ್ರಾಣ ಬಿಟ್ಟಿತು. ಎಲ್ಲರೂ ನನ್ನನ್ನೇ ನೋಡಿದರು. "ಊರಿಂದೇನೂ ತಪ್ಪಿಲ್ಲ ಬಿಡವ್ವ. ಇವರ ಕೈಯಾಗ ಏನೋ ಐತಿ" ಎಂದಳು ಶೈಲಾ. ನನಗೂ ಹಾಗೇ ಅನಿಸಿತು, ಬೇರೆ ಅರ್ಥದಲ್ಲಿ. ಕೂಸಿಗೆ ಅಪ್ಪನೇ ಒಲ್ಲದವನಾದನೋ ಏನೋ.

"ಹಾಲು ಆರಿರಬೇಕು ತಗೋರಿ. ತಗದು ನೋಡೂಣು" ಎಂದು ಅತ್ತೆ ಸಮಾಧಾನಕ್ಕೆ ಬಾಟಲಿ ತೆಗೆದುಕೊಂಡರು. ಬಿರಡೆ ತಿರುವಿದರು, ಬರಲಿಲ್ಲ. ಸೆರಗು ಸುತ್ತಿ ತಿರುವಿದರು, ಬರಲಿಲ್ಲ. ಶೈಲಾ ಹಲ್ಲುಕಚ್ಚಿ ತಿರುವಿದಳು, ಕೈ ಕೆಂಪಾಯಿತು. "ಏನ್ರೀ ಇದು, ವೆಲ್ಡಿಂಗ್ ಮಾಡೀರೇನು?" ಎಂದಳು. ಇಂಥ ಗಳಿಗೆಗಳಿಗಾಗಿಯೇ ಹುಟ್ಟಿದ ನಾನು, ದುಃಖದ ನಡುವೆಯೂ ಒಂದಿಷ್ಟು ಬೀಗುತ್ತ, "ಕೊಡಿಲ್ಲೆ" ಎಂದು ಒಂದೇ ತಿರುವಿಗೆ ತೆಗೆದೆ.

ಪುಸ್‌ಸ್! ಗಾಳಿ ಒಳಕ್ಕೆ ನುಗ್ಗಿತು. ಚಪ್ಪಟೆಯಾಗಿದ್ದ ನಿಪ್ಪಲ್ಲು ಟಪ್ಪೆಂದು ಎದ್ದು ನಿಂತಿತು.

ನಾನೂ ಕೂಸಿನ ಸಮೇತ ಎದ್ದು ನಿಂತೆ. ಬುಡದ ಆ ಸೂಜಿಮೊನೆಯ ತೂತು! ನಾನು ಹನಿಯ ಭಯಕ್ಕೆ ಬಿರಡೆಯನ್ನು ಸಿಲಿಂಡರಿಗೆ ಬಿಗಿದಂತೆ ಬಿಗಿದು, ರಬ್ಬರಿನ ಅಂಚನ್ನು ಅಪ್ಪಚ್ಚಿ ಮಾಡಿ, ಆ ತೂತನ್ನು ನಿತ್ಯ ಮುಚ್ಚುತ್ತ ಬಂದಿದ್ದೆ. ಗಾಳಿ ಒಳಗೆ ಹೋಗಲು ದಾರಿಯಿಲ್ಲ, ಹಾಲು ಹೊರಗೆ ಹೇಗೆ ಬಂದೀತು? ಕೂಸು ಪಾಪ, ಇಷ್ಟು ದಿನ ನನ್ನ ಮಣಿಕಟ್ಟಿನ ಜೊತೆ ಹಗ್ಗಜಗ್ಗಾಟ ನಡೆಸಿತ್ತು. ಬೆಳಗಾವಿಯಲ್ಲಿ ನಾನು ಬೇರೆಯವರಿಗೆ ಬಾಟಲಿ ಮುಟ್ಟಗೊಡಲಿಲ್ಲ; ಖಾನಾಪುರದಲ್ಲಿ ಅವರು ನನಗೆ ಮುಟ್ಟಗೊಡಲಿಲ್ಲ. ಅಳಿಯನ ಮರ್ಯಾದೆಯೊಂದು ಇಲ್ಲದಿದ್ದರೆ ಮೊದಲ ರವಿವಾರವೇ ಗುಟ್ಟು ಬಯಲಾಗುತ್ತಿತ್ತು.

"ಅತ್ತಿ, ನೀವು ಮುಚ್ಚರಿ! ನೀವ ಮುಚ್ಚರಿ!" ಎಂದು ಕೂಗಿದೆ. ಅವರು ಗಾಬರಿಯಾಗಿ, ನೋಯುವ ಕೈಯ ಎರಡು ಬೆರಳಿನಿಂದ ಬಿರಡೆಯನ್ನು ಹಾಗೆ ಸುಮ್ಮನೆ ಕೂರಿಸಿದರು; ಹಿಂದಿನ ರವಿವಾರ ಮೂರನೇ ನಂಬರು ಹೊಳೆಯಾಗಿ ಹರಿದದ್ದೂ ಇದೇ ಹಗುರ ಕೈಯಿಂದಲೇ. ನೀಲು ಬಾಯಿ ಹಚ್ಚಿದಳು. ಬಾಟಲಿಯೊಳಗೆ ಗುಳುಗುಳು ಎಂದು ಗುಳ್ಳೆಗಳು ಸಾಲಾಗಿ ಮೇಲೆದ್ದವು. ಅಬ್ಬಾ, ಆ ಗುಳ್ಳೆಗಳು! ನಾನು ಒಂದೊಂದು ಗುಳ್ಳೆಗೂ "ಬಂತು, ಬಂತು!" ಎನ್ನುತ್ತಿದ್ದೆ. ಕೊನೆಗೆ ಬಾಟಲಿ ಬರಿದಾಯಿತು. ಕಾಲು ಮೇಲೆದ್ದು ಅದನ್ನು ಒದೆಯಿತು.

ಶೈಲಾ ನಕ್ಕು ನಕ್ಕು ಗೋಡೆಗೆ ಒರಗಿದಳು. ಅತ್ತೆ ಎಲ್ಲ ಕೇಳಿಸಿಕೊಂಡು, "ಹಂಗಾದ್ರ ಕೂಸಿಂದೂ ತಪ್ಪಿಲ್ಲ, ಬಾಟ್ಲಿದೂ ತಪ್ಪಿಲ್ಲ. ಅಳಿಯಾರಿಗೆ ಮಾತ್ರ ನಾ ಏನೂ ಅನ್ನಂಗಿಲ್ಲವ್ವ" ಎಂದರು. ನಗುನಗುತ್ತಲೇ ಅವರ ಕಣ್ಣು ನಡುಮನೆಯ ತೊಟ್ಟಿಲಿನ ಕಡೆ ಹೋಯಿತು. ಅದಕ್ಕೆ ಹೊಸ ಹಾಸಿಗೆ ಹಾಕಿದ್ದರು, ಮೇಲೆ ಗಿಳಿಗಳ ಸರ ಕಟ್ಟಿಸಿದ್ದರು. ನನ್ನ ಸಂಭ್ರಮ ಅವರಿಗೆ ಏನನ್ನು ಇಲ್ಲವಾಗಿಸಿತು ಎಂದು ಆಗ ಹೊಳೆಯಿತು.

"ತೊಟ್ಟಿಲಾ ಬಿಚ್ಚಬ್ಯಾಡ್ರಿ ಅತ್ತಿ. ಪ್ರತಿ ರವಿವಾರ ಬರ್ತೇವಿ" ಎಂದೆ.

"ನನ್ನ ಕೈಲೆ ಬಿಚ್ಚಾಕ ಎಲ್ಲಿ ಆಗ್ತೈತ್ರಿ? ಹೆಸರಿಡೂ ದಿನ ಹಗ್ಗಾ ಕಟ್ಟಿದಾವ್ರು ನೀವ ಅಲ್ಲೇನು?" ಎಂದರು ಅತ್ತೆ.

ಈ ಆವಿಷ್ಕಾರ ಮಾಡಿದ್ದು ನಾನು ಎಂದು ನನ್ನ ನೆನಪು ಹೇಳುತ್ತದೆ. ಸಕ್ಕರೆ ಡಬ್ಬಿಯ ವಿಷಯದಲ್ಲಿ ತಾನು ಮೊದಲೇ ಎಚ್ಚರಿಸಿದ್ದೆ, ಹಾಗಾಗಿ ತಾನೇ ಎಂದು ಶೈಲಾ ಹೇಳುತ್ತಾಳೆ. ಬಾಟಲಿ ತೆರೆಯಲಾರದೆ ಹೋದದ್ದು ತಾವು, ಆದ್ದರಿಂದ ಶ್ರೇಯಸ್ಸು ತಮ್ಮ ಮಣಿಕಟ್ಟಿಗೆ ಎಂದು ಅತ್ತೆಯ ವಾದ. ಅವ್ವನಂತೂ ಅಲ್ಲಿರಲೇ ಇಲ್ಲ. ಆದರೂ ಮೆಣಸಿನಕಾಯಿ ನಿವಾಳಿಸಿದ ಮೇಲೆಯೇ ಅಲ್ಲವೆ ಎನ್ನುತ್ತಾಳೆ. ದಿನಚರಿಯ ಆ ಪುಟ ಖಾಲಿ. ನಾನು ಯಾರೊಂದಿಗೂ ವಾದಿಸುವ ಸ್ಥಿತಿಯಲ್ಲಿಲ್ಲ.

ಸೋಮವಾರ ಬೆಳಿಗ್ಗೆ ಶೈಲಾ ಶಾಲೆಗೆ ಹೊರಟಳು. ನೀಲು ಅವ್ವನ ಮಡಿಲಲ್ಲಿದ್ದಳು. ನಾನು ಅತ್ತೆಯ ಎರಡು ಬೆರಳನ್ನು ಧ್ಯಾನಿಸಿಕೊಂಡು, ದಿನದ ಬಾಟಲಿಗಳನ್ನೆಲ್ಲ ಹಗುರವಾಗಿ ಮುಚ್ಚಿಟ್ಟೆ. ಎಷ್ಟು ಚಂದ, ಎಷ್ಟು ನಿರಾಳ! ಲೋಕವನ್ನು ಇಷ್ಟು ಸಡಿಲವಾಗಿಯೂ ಹಿಡಿಯಬಹುದೆಂದು ಗೊತ್ತೇ ಇರಲಿಲ್ಲ. ಅದೇ ಗುಂಗಿನಲ್ಲಿ ಕೆಲಸಕ್ಕೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಒಂದು ದೊಡ್ಡ ಸಿಲಿಂಡರಿಗೆ ಒತ್ತಡ ಕೊಟ್ಟು ಟಾರ್ಚು ಹಿಡಿದವನಿಗೆ ನೆಲದ ಮೇಲೆ ಹನಿ ಕಂಡಿತು. "ಸೋರಾಕತ್ತೈತಿ! ನಿಲ್ಲಸ್ರಿ!" ಎಂದು ಕೂಗಿ ನಾಲ್ಕು ಜನರನ್ನು ಸೇರಿಸಿದೆ. ಸಿಲಿಂಡರಿನ ಸುತ್ತ ಬಗ್ಗಿ, ಮಲಗಿ ಹುಡುಕಿದೆವು. ಎಲ್ಲಿಯೂ ಇಲ್ಲ. ಹನಿಯ ಜಾಡು ಹಿಡಿದು ಟಾರ್ಚು ನೆಲದ ಮೇಲೆ ಸಾಗಿತು, ಮೇಜಿನ ಕಾಲು ಹತ್ತಿತು, ಮೊಳೆಗೆ ತೂಗುಹಾಕಿದ್ದ ನನ್ನ ಊಟದ ಚೀಲದ ತಳದಲ್ಲಿ ನಿಂತಿತು. ಬೇಳೆ ಸಾರು. ಆ ಡಬ್ಬಿಯನ್ನೂ ಎರಡೇ ಬೆರಳಿನಲ್ಲಿ ಮುಚ್ಚಿದ್ದೆ.

ಅಷ್ಟರಲ್ಲಿ ಅವ್ವನ ಫೋನು. "ಬಸೂ! ಪೂರಾ ಕುಡದ್ಲಪಾ! ಬಾಟ್ಲಿ ತಳಾ ಕಾಣಾಕತ್ತೈತಿ ನೋಡು!" ನಾನು ಟಾರ್ಚು ಹಿಡಿದ ಕೈಯನ್ನೇ ಮೇಲೆತ್ತಿ ಜಯಕಾರ ಹಾಕಿದೆ. ಜೊತೆಯವರೊಬ್ಬರು ಗಂಭೀರವಾಗಿ ಬಂದು ನನ್ನ ಚೀಲಕ್ಕೆ ಒಂದು ಕೆಂಪು ಚೀಟಿ ಕಟ್ಟಿ, ಪೆನ್ನು ಮುಂದೆ ಹಿಡಿದರು. ನಿಯಮ ನಿಯಮವೇ. ಸಾರು ತೊಟ್ಟಿಕ್ಕುತ್ತಿದ್ದಂತೆಯೇ ಸಹಿ ಹಾಕಿದೆ.